ಯಾಪ್ಯ ಎಂಬ ಶಬ್ದದ ಮೋಜಣಿ

ನಾನು ಮೂವತ್ತನಾಲ್ಕು ವರ್ಷ ಮೋಜಣಿ ಇಲಾಖೆಯಲ್ಲಿ ಇದ್ದವನು. ಅಂದರೆ ಹೊಲ ಅಳೆಯುವವನು. ಈ ಕೆಲಸ ಮನುಷ್ಯನಿಗೆ ಎರಡು ಗುಣ ಕೊಡುತ್ತದೆ. ಒಂದು, ಕಣ್ಣಾರೆ ಕಾಣದೆ ಯಾವುದನ್ನೂ ನಂಬದಿರುವುದು. ಎರಡು, ಕಣ್ಣಾರೆ ಕಂಡದ್ದನ್ನು ಪೂರ್ತಿ ನಂಬಿಬಿಡುವುದು. ಮೊದಲನೆಯ ಗುಣದಿಂದ ನನಗೆ ಇಲಾಖೆಯಲ್ಲಿ ಒಳ್ಳೆಯ ಹೆಸರು ಬಂತು. ಎರಡನೆಯ ಗುಣದಿಂದ ಏನು ಬಂತು ಎಂಬುದನ್ನು ಈಗ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಮಹಾದೇವಿಗೆ ದಮ್ಮು. ಬನಹಟ್ಟಿಯ ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವಳು. ನೂಲಿನ ಧೂಳು ಅವಳ ಎದೆಯಲ್ಲಿ ಬಾಲ್ಯದಿಂದಲೂ ಮನೆ ಮಾಡಿದೆ. ಬೆಳಿಗ್ಗೆ ಸಂಜೆ ದವಾಖಾನೆಯವರು ಕೊಟ್ಟ ಪಂಪನ್ನು ಬಾಯಿಗಿಟ್ಟು ಎಳೆಯುತ್ತಾಳೆ. ಜೊತೆಗೆ ರನ್ನ ಬೆಳಗಲಿಯ ಗುರುಪಾದಯ್ಯನವರು ಕೊಡುವ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕುತ್ತಾಳೆ. ಗುರುಪಾದಯ್ಯನವರು ಎಪ್ಪತ್ತೆಂಟರ ನಾಟಿ ವೈದ್ಯರು. ಅವರ ತಂದೆಯೂ ವೈದ್ಯರೇ. ಯುಗಾದಿಗೆ ಇನ್ನು ತಿಂಗಳಿರುವಾಗ ಒಂದು ಭಾನುವಾರ ಪುಡಿ ತರಲು ನಾವಿಬ್ಬರೂ ಅವರ ಮನೆಗೆ ಹೋದೆವು.

"ಔಷಧ ಬಿಡಬ್ಯಾಡವಾ" ಎಂದರು ಅವರು, ಮಹಾದೇವಿಯ ನಾಡಿ ಹಿಡಿದು. "ನನ್ನ ಪುಡಿ ಒಂದಿನ ತಪ್ಪಿದ್ರೂ ನಡೀತೈತಿ. ಆ ಪಂಪ್ ಮಾತ್ರ ಬಿಡೂಹಂಗಿಲ್ಲ, ನೋಡು."

ನಂತರ ಒಂದು ದಪ್ಪ ವಹಿಯಲ್ಲಿ ಏನೋ ಬರೆದು ಪುಡಿ ತರಲು ಒಳಗೆ ಹೋದರು. ಮಹಾದೇವಿ ಅವರ ಸೊಸೆಯ ಜೊತೆ ಮಾತಾಡುತ್ತ ಹಿತ್ತಲಿಗೆ ಹೋದಳು. ವಹಿ ತೆರೆದೇ ಇತ್ತು. ತೆರೆದ ದಾಖಲೆಯನ್ನು ಓದದೆ ಬಿಡುವುದು ನನ್ನ ರಕ್ತದಲ್ಲಿ ಇಲ್ಲ. ಓದಿದೆ.

"ಮಹಾದೇವಿ, ಬನಹಟ್ಟಿ. ಶ್ವಾಸ. ಯಾಪ್ಯ."

ಯಾಪ್ಯ? ಈ ಶಬ್ದವನ್ನು ನಾನು ಯಾವ ಕಾಗದದಲ್ಲೂ ಕಂಡಿರಲಿಲ್ಲ. ಹಿಂದಿನ ಹಾಳೆಗಳನ್ನು ತಿರುವಿದೆ. ಅವರ ತಂದೆಯ ಕಾಲದಿಂದ ನಡೆದುಬಂದ ವಹಿ ಅದು. ಪ್ರತಿ ಹೆಸರಿನ ಮುಂದೆ ಒಂದು ವಿಶೇಷಣ. ಬಹಳ ಜನರ ಮುಂದೆ "ಸಾಧ್ಯ". ಕೆಲವರ ಮುಂದೆ "ಕಷ್ಟಸಾಧ್ಯ". ಇನ್ನು ಕೆಲವರ ಮುಂದೆ "ಯಾಪ್ಯ". ಇಬ್ಬರ ಮುಂದೆ "ಅಸಾಧ್ಯ". ಅಂದರೆ ಸಾಧ್ಯಕ್ಕೂ ಅಸಾಧ್ಯಕ್ಕೂ ನಡುವೆ ಎಲ್ಲೋ ಒಂದು ಕಡೆ ನನ್ನ ಹೆಂಡತಿಯನ್ನು ನಿಲ್ಲಿಸಲಾಗಿತ್ತು. ಎಲ್ಲಿ ಎಂಬುದಷ್ಟೇ ಪ್ರಶ್ನೆ.

ವೈದ್ಯರನ್ನೇ ಕೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವರ ವಹಿಯನ್ನು ಕದ್ದು ಓದಿದೆನೆಂದು ಅವರ ಎದುರೇ ಹೇಗೆ ಹೇಳುವುದು? ಮಹಾದೇವಿ ಬೇರೆ ಆಗಲೇ ಹಿಂದಕ್ಕೆ ಬಂದು ಪಕ್ಕದಲ್ಲಿ ನಿಂತಿದ್ದಳು. ನಾಳೆ ಒಬ್ಬನೇ ಬಂದು ಕೇಳೋಣ ಎಂದುಕೊಂಡೆ. ಆದರೆ ಗುರುಪಾದಯ್ಯನವರು ಮರುದಿನ ನಸುಕಿನಲ್ಲೇ ಊರವರ ಜೊತೆ ದೇವರ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದುಕೊಂಡು ಹೊರಟುಬಿಟ್ಟರು. ಅವರು ಫೋನು ಇಟ್ಟುಕೊಂಡವರಲ್ಲ. ಬರುವುದು ಯುಗಾದಿ ಮುಗಿದ ಮೇಲೆ.

ಮನೆಯಲ್ಲಿ ಒಂದು ಸಣ್ಣ ನಿಘಂಟು ಇದೆ. ತೆಗೆದು ನೋಡಿದೆ. ಅದರಲ್ಲಿ "ಯಾತ್ರೆ" ಆದ ಮೇಲೆ ನೇರವಾಗಿ "ಯಾರು" ಬಂತು. ಎರಡನ್ನೂ ಕೂಡಿಸಿ ಓದಿ ನಿಘಂಟನ್ನು ಮುಚ್ಚಿಟ್ಟೆ.

ಮುಧೋಳದ ಒಂದು ದವಾಖಾನೆಯಲ್ಲಿ ನಮ್ಮ ಮಗಳು ಸುಮಾ ನರ್ಸ್ ಆಗಿದ್ದಾಳೆ. ಅವಳಿಗೆ ಫೋನು ಮಾಡಲು ಎರಡು ಸಲ ಕೈಗೆತ್ತಿಕೊಂಡೆ. "ನಿಮ್ಮವ್ವ ಯಾಪ್ಯ" ಎಂದು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಮೊದಲು ಅಳತೆ ಆಗಲಿ, ನಂತರ ವರದಿ ಎಂದುಕೊಂಡೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಹೊಲದಲ್ಲಿ ಗಡಿಯ ಒಂದು ಬಾಂದುಕಲ್ಲು ಕಳೆದುಹೋಗಿದ್ದರೆ, ಗೊತ್ತಿರುವ ಮೂರು ಕಲ್ಲುಗಳಿಂದ ಅಳೆದು ಅದರ ಜಾಗ ಗೊತ್ತು ಮಾಡುತ್ತೇವೆ. ಶಬ್ದಕ್ಕೂ ಹಾಗೇ ಮಾಡಬಹುದಲ್ಲ! ಇದೇ ಶಬ್ದವನ್ನು ಹಚ್ಚಿಸಿಕೊಂಡ ಮೂವರನ್ನು ಹುಡುಕಿ, ಅವರು ಏನಾದರು ಎಂದು ನೋಡಿದರೆ ಅರ್ಥ ತಾನಾಗಿಯೇ ಸಿಗುತ್ತದೆ. ವಹಿಯ ಹಳೆಯ ಹಾಳೆಗಳಿಂದ, ಅಕ್ಷರ ಸ್ಪಷ್ಟವಾಗಿದ್ದ ಮೂರು ಹೆಸರುಗಳನ್ನು ನಾನು ಆ ದಿನವೇ ಕಿಸೆಯ ಡೈರಿಗೆ ಇಳಿಸಿಕೊಂಡಿದ್ದೆ. ಈರಪ್ಪ ಮಾಸ್ತರ, ಜಮಖಂಡಿ. ಕಾಶವ್ವ, ಬೀಳಗಿ. ಮಾಳಪ್ಪ, ತಿಮ್ಮಾಪುರ, ಮುಧೋಳ ತಾಲ್ಲೂಕು. ಮೂರು ತಾಲ್ಲೂಕಿನಿಂದ ಒಂದೊಂದು ಹೆಸರು. ಇಷ್ಟು ನ್ಯಾಯವಾದ ಮಾದರಿಯನ್ನು ಸರಕಾರವೂ ಆರಿಸಲಾರದು ಎಂದು ನನಗೆ ನಾನೇ ಮೆಚ್ಚಿಗೆ ಕೊಟ್ಟುಕೊಂಡೆ.

"ಎಲ್ಲಿಗ್ರಿ?" ಎಂದಳು ಮಹಾದೇವಿ, ಮಂಗಳವಾರ.

"ಒಂದ್ ಹಳೇ ಮೋಜಣಿ ಕೆಲಸ ಉಳದೈತಿ" ಎಂದೆ. ಸುಳ್ಳಲ್ಲ.

ಜಮಖಂಡಿಯಲ್ಲಿ ಈರಪ್ಪ ಮಾಸ್ತರರ ಮನೆ ಸುಲಭವಾಗಿ ಸಿಕ್ಕಿತು. ಅವರ ಮಗ ಬಾಗಿಲಿಗೆ ಬಂದರು.

"ಮಾಸ್ತರು ಅದಾರೇನ್ರಿ?"

"ಅವರು ಹೋಗಿ ಭಾಳ ದಿನಾತಲ್ರಿ."

"ದಮ್ಮ ಇತ್ತೇನ್ರಿ ಅವರಿಗೆ?"

"ದಮ್ಮ ಇತ್ರಿ, ಆದ್ರ..."

ನಾನು ಆಗಲೇ ಕೈ ಮುಗಿದು ಮೆಟ್ಟಿಲು ಇಳಿದಿದ್ದೆ. ಹಿಂದಿನಿಂದ ಅವರು ಇನ್ನೂ ಏನೋ ಹೇಳುತ್ತಿದ್ದರು. ನಿಂತು ಕೇಳುವ ಧೈರ್ಯ ನನ್ನಲ್ಲಿ ಇರಲಿಲ್ಲ. ಡೈರಿಯಲ್ಲಿ ಬರೆದೆ: ಕಲ್ಲು ಒಂದು. ಮೃತ.

ಬುಧವಾರ ಬೀಳಗಿ. ಕಾಶವ್ವನ ಮನೆಯಲ್ಲಿ ಯಾರನ್ನೂ ಏನೂ ಕೇಳುವ ಪ್ರಸಂಗವೇ ಬರಲಿಲ್ಲ. ಪಡಸಾಲೆಯ ಗೋಡೆಯ ಮೇಲೆ ಫೋಟೋ ಇತ್ತು, ಹೆಸರು ಇತ್ತು, ಮಾಲೆ ಇತ್ತು. ಫೋಟೋದಲ್ಲಿ ಇದ್ದವಳು ಮೂವತ್ತರ ಒಳಗಿನ ಹೆಣ್ಣುಮಗಳು. ಮೂಗಿನಲ್ಲಿ ನತ್ತು, ತಲೆ ತುಂಬ ಹೂವು. ಇಷ್ಟು ಚಿಕ್ಕ ವಯಸ್ಸಿಗೇ! ನನಗೆ ಕಣ್ಣೀರು ಬಂತು. ಮನೆಯವರು ಗಾಬರಿಯಾದರು.

"ಕುಂದರ್ರಿ ಸಾಹೇಬ್ರ, ಚಹಾ ಕುಡೀರಿ. ನಮ್ಮ ಅಮ್ಮನ ಕಡೆಯವರೇನ ನೀವು?"

"ವಹಿಯೊಳಗ ಒಂದೇ ಖಾನೇದಾಗಿನವ್ರು" ಎಂದು ಹೇಳಿ ಹೊರಟು ಬಂದೆ. ಅವರು ಚಹಾದ ಕಪ್ಪು ಹಿಡಿದು ರಸ್ತೆಯವರೆಗೂ ಬಂದರು. ಎಂಥ ಒಳ್ಳೆಯ ಜನ.

ಗುರುವಾರ, ಮುಧೋಳದಲ್ಲಿ ಬಸ್ಸು ಬದಲಿಸಿ ತಿಮ್ಮಾಪುರ. ಕುರಿಗಳ ದೊಡ್ಡಿಯ ಮುಂದೆ ಬಡಕಲು ಮೈಯ ಮುಧೋಳ ನಾಯಿಯೊಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೊಗಳುವಷ್ಟು ದೊಡ್ಡ ವಿಷಯವಲ್ಲ ಎಂದು ಮುಖ ತಿರುಗಿಸಿತು. ಒಬ್ಬ ಹೆಣ್ಣುಮಗಳು ಶೇಂಗಾ ಒಡೆಯುತ್ತ ಕುಳಿತಿದ್ದಳು.

"ಮಾಳಪ್ಪ ಅಂದ್ರ ನಮ್ಮ ಮುತ್ಯಾ. ಇಲ್ರಿ ಈಗ. ಗಿಡದಿಂದ ಬಿದ್ದು ತೀರ್ಕೊಂಡ."

"ಗಿಡದಿಂದ?"

"ಹೂಂನ್ರಿ. ಕುರಿಗೆ ತಪ್ಪಲ ಕಡ್ಯಾಕ ಬೇವಿನ ಗಿಡ ಹತ್ತಿದ್ದ."

ರೋಗ ತಲೆಗೇರಿ, ಕಣ್ಣು ಕತ್ತಲೆ ಬಂದು ಬಿದ್ದಿರಬೇಕು ಎಂದು ನಾನು ತೀರ್ಮಾನಿಸಿದೆ. ಅಜ್ಜ ಎಂಬರ್ಥದ "ಮುತ್ಯಾ" ಶಬ್ದ ನನ್ನ ಕಿವಿಗೆ ಬಿದ್ದಿತ್ತು, ಸುಳ್ಳು ಹೇಳುವುದಿಲ್ಲ. ತಲೆಗೆ ಹೋಗಲಿಲ್ಲ, ಅಷ್ಟೆ.

ಕಲ್ಲು ಮೂರು. ಮೃತ, ಮೃತ, ಮೃತ. ಮೂರಕ್ಕೆ ಮೂರು. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಯಾವ ಅಳತೆಯೂ ಇಷ್ಟು ಸರಿಯಾಗಿ ಕೂಡಿರಲಿಲ್ಲ. ಬನಹಟ್ಟಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತೆ. ಮೂವತ್ತೊಂದು ವರ್ಷ ಜೊತೆಯಲ್ಲಿ ಬಾಳಿದವಳು. ಒಂದು ದಿನವೂ ಅವಳ ಕೈಯಿಂದ ಕಸಬರಿಗೆ ಇಸಿದುಕೊಂಡವನಲ್ಲ ನಾನು. ಇನ್ನೆಷ್ಟು ದಿನವೋ. ಅವಳಿಗೆ ಏನೂ ತಿಳಿಯಗೊಡದೆ, ಇರುವಷ್ಟು ದಿನ ಅವಳನ್ನು ಸುಖವಾಗಿ ನೋಡಿಕೊಳ್ಳಬೇಕು ಎಂದು ಪ್ರತಿಜ್ಞೆ ಮಾಡಿದೆ.

ಶುಕ್ರವಾರ ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು ಅಂಗಳ ಗುಡಿಸಿದೆ. ಅವಳು ಹೊರಗೆ ಬಂದು, ಕಸಬರಿಗೆಯನ್ನೂ ನನ್ನನ್ನೂ ಸರದಿಯಂತೆ ನೋಡಿದಳು.

"ಏನ ಕಳದೈತ್ರಿ?"

"ಏನೂ ಕಳದಿಲ್ಲ. ಗುಡಸಾಕತ್ತೇನಿ."

"ಯಾಕ್ರಿ?"

ಗುಡಿಸಿದ ಅಂಗಳವನ್ನೇ ಇನ್ನೊಮ್ಮೆ ಗುಡಿಸಿದೆ.

ಅವತ್ತು ರೊಟ್ಟಿಯನ್ನೂ ನಾನೇ ಬಡಿದೆ. ಮೊದಲನೆಯ ರೊಟ್ಟಿ ಬೀಳಗಿ ತಾಲ್ಲೂಕಿನ ನಕಾಶೆಯಂತೆ ಬಂತು. ಗಡಿ ಸರಿಯಾಗಿತ್ತು, ನಡುವೆ ಹೊಳೆ ಹರಿದಂತೆ ಹರಿದಿತ್ತು. ಮಹಾದೇವಿ ಅದನ್ನು ಪೂರ್ತಿ ತಿಂದಳು. ತಿನ್ನುವಾಗ ಅವಳ ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ಸಂಜೆ ಅವಳ ಹತ್ತಿರ ಕುಳಿತು ಮೆತ್ತಗೆ ಕೇಳಿದೆ.

"ಮಹಾದೇವಿ, ನಿನಗ ಏನರ ತಿನ್ನಬೇಕು ಅಂತ ಆಸೆ ಐತೇನ?"

ನಮ್ಮ ಕಡೆ ಈ ಪ್ರಶ್ನೆಯನ್ನು ಬಸುರಿಯರಿಗೆ ಕೇಳುತ್ತಾರೆ. ಇಲ್ಲವಾದರೆ ಹಾಸಿಗೆ ಹಿಡಿದವರಿಗೆ. ಅದು ನನಗೆ ಕೇಳಿಯಾದ ಮೇಲೆ ನೆನಪಾಯಿತು.

"ಅಯ್ಯ! ಈ ವಯಸ್ಸಿನ್ಯಾಗ ನಾ ಏನ ಬಸರೇನ್ರಿ?" ಎಂದು ನಕ್ಕಳು. ನಂತರ ನಗು ನಿಂತಿತು. "ನಿಮಗ ಆರಾಮ ಐತಿಲ್ಲೋ?" ಎಂದಳು.

"ನನ್ನಿಂದ ಏನರ ತಪ್ಪಾಗಿದ್ರ ಮನಸ್ನ್ಯಾಗ ಇಟ್ಕೋಬ್ಯಾಡ" ಎಂದೆ.

ಅವಳು ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ಬಹಳ ಹೊತ್ತು ಬರಲಿಲ್ಲ. ಪಾಪ, ಏನೋ ಸುಳಿವು ಹತ್ತಿರಬೇಕು ಎಂದುಕೊಂಡೆ. ಸುಳಿವು ಹತ್ತಿದ್ದು ನಿಜ. ಯಾರ ಬಗ್ಗೆ ಎಂಬುದು ನನಗೆ ಗೊತ್ತಾಗಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಅವಳು ಅಡುಗೆಮನೆಯಿಂದಲೇ ರಬಕವಿಯಲ್ಲಿರುವ ನನ್ನ ಅಕ್ಕ ಗೌರಕ್ಕನಿಗೆ ಫೋನು ಮಾಡಿದ್ದಳು. ಮೂರು ದಿನ ಊರ ಹೆಸರು ಹೇಳದೆ, ಕಿಸೆಯಲ್ಲಿ ಸಿಕ್ಕ ಬಸ್ ಟಿಕೇಟಿನ ಪ್ರಕಾರ ಜಮಖಂಡಿ, ಬೀಳಗಿ, ಮುಧೋಳ ಎಂದು ತಿರುಗಿದ್ದು, ಎಲ್ಲವೂ ದೊಡ್ಡ ದವಾಖಾನೆ ಇರುವ ಊರುಗಳಾಗಿದ್ದು, ತಿರುಗಿ ಬಂದವನು ಕಸ ಗುಡಿಸಿದ್ದು, ರೊಟ್ಟಿ ಬಡಿದದ್ದು, ತಪ್ಪಾಯಿತು ಎಂದದ್ದು. ಗೌರಕ್ಕ ನನ್ನನ್ನು ಎತ್ತಿ ಆಡಿಸಿದವಳು. ಎಲ್ಲವನ್ನೂ ಕೇಳಿ ಹೇಳಿದಳಂತೆ:

"ನನ್ನ ತಮ್ಮ ಇಷ್ಟ ಒಳ್ಳೇಂವ ಆಗ್ಯಾನ ಅಂದ್ರ, ಭಾಳ ದಿನ ಇರಂಗಿಲ್ಲವಾ!"

ಭಾನುವಾರದಿಂದ ಜನ ಬರತೊಡಗಿದರು.

ನಮ್ಮ ಕಡೆ ಜಡ್ಡಾದವರನ್ನು "ಮಾತಾಡಿಸಲು" ಹೋಗುವುದಕ್ಕೆ ಒಂದು ಶಿಸ್ತು ಇದೆ. ಕೈಯಲ್ಲಿ ಬ್ರೆಡ್ಡು, ಬಿಸ್ಕೀಟು ಅಥವಾ ಎಳನೀರು ಇರಬೇಕು. ಬಂದು ಕುಳಿತು, ಒಂದು ಉಸಿರು ಬಿಟ್ಟು, ಫ್ಯಾನಿನ ಕಡೆ ನೋಡಬೇಕು. ಇದೇ ರೋಗದಿಂದ ಸತ್ತ ಇನ್ನೊಬ್ಬರ ಕಥೆ ಹೇಳಿ ಧೈರ್ಯ ತುಂಬಬೇಕು. ಇವರೆಲ್ಲ ಮಹಾದೇವಿಯನ್ನು ನೋಡಲು ಬಂದವರು ಎಂದೇ ನಾನು ತಿಳಿದೆ. ಸುದ್ದಿ ಹೇಗೆ ಹೊರಗೆ ಬಿತ್ತೋ ಎಂದು ಆಶ್ಚರ್ಯವಾಯಿತು. ಬಾಗಿಲಲ್ಲೇ ಒಬ್ಬೊಬ್ಬರನ್ನು ತಡೆದು ಪಿಸುಗುಟ್ಟಿದೆ.

"ಆಕಿ ಮುಂದ ಏನೂ ಅನಬ್ಯಾಡ್ರಿ. ಆಕಿಗೆ ಗೊತ್ತಿಲ್ಲ."

ಅವರು ನನ್ನ ಕೈ ಹಿಡಿದು ಅತ್ತುಬಿಡುತ್ತಿದ್ದರು. ಒಳಗೆ ಹೋದ ಹೆಣ್ಣುಮಕ್ಕಳಿಗೆ ಮಹಾದೇವಿ ಪಿಸುಗುಡುತ್ತಿದ್ದಳಂತೆ: "ಅವರ ಮುಂದ ಏನೂ ಅನಬ್ಯಾಡ್ರಿ. ನನ್ನ ಮುಂದ ಬಚ್ಚಿಟ್ಟಾರ." ಇಂಥ ದಂಪತಿಗಳನ್ನು ಬನಹಟ್ಟಿ ಕಂಡಿರಲಿಲ್ಲ. ಬುಧವಾರದ ಹೊತ್ತಿಗೆ ಮನೆಯಲ್ಲಿ ಹದಿನೇಳು ಬ್ರೆಡ್ಡಿನ ಪಾಕೀಟು, ಇಪ್ಪತ್ತಮೂರು ಬಿಸ್ಕೀಟಿನ ಪುಡಿಕೆ, ಒಂಬತ್ತು ಎಳನೀರು. ಎಣಿಸಿದವನು ನಾನೇ.

ಪಕ್ಕದ ಮನೆಯ ಬಸಣ್ಣನದು ಹನ್ನೆರಡು ಪವರ್‌ಲೂಮು. ಮೂವತ್ತು ವರ್ಷದಿಂದ ಆ ಖಟಖಟದೊಳಗೇ ನಮ್ಮ ನಿದ್ರೆ, ನಮ್ಮ ಮಾತು. ಅವನು ಮಧ್ಯಾಹ್ನ ಎರಡು ತಾಸು ಎಲ್ಲ ಮಗ್ಗ ನಿಲ್ಲಿಸತೊಡಗಿದ. ಕೇಳಿದರೆ, "ನೀವು ಸ್ವಲ್ಪ ಅಡ್ಡಾಗ್ರಿ ಸಾಹೇಬ್ರ" ಎಂದ. ಆ ನಿಶ್ಶಬ್ದಕ್ಕೆ ನನಗೆ ನಿದ್ರೆಯೇ ಬರಲಿಲ್ಲ. ಆದರೆ ಆ ಪ್ರೀತಿಯನ್ನು ನಾನು ಮರೆಯಲಾರೆ.

ಒಂದು ದಿನ ಬಸಣ್ಣ ನಮ್ಮ ತಲೆಬಾಗಿಲಿನ ಚೌಕಟ್ಟನ್ನು ಗೇಣು ಹಾಕಿ ಅಳೆಯುತ್ತ ನಿಂತಿದ್ದ. ಗೇಣಿನ ಅಳತೆ ನನಗೆ ಸಹಿಸುವುದಿಲ್ಲ. ಟೇಪು ತಂದು ನಾನೇ ಹಿಡಿದೆ.

"ಎರಡು ಅಡಿ ಒಂಬತ್ತ ಇಂಚು. ಯಾಕ ಬೇಕಾಗಿತ್ತು?"

"ಏನಿಲ್ರಿ... ಹಂಗ."

"ಎತ್ತರ?"

"ಎತ್ತರಾನೂ ಹೇಳ್ರಿ ಹಂಗಾರ" ಎಂದ, ನೆಲ ನೋಡುತ್ತ. "ನೀವ ಏನೂ ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ. ಹಿಂದಿಂದೆಲ್ಲ ನಾ ನೋಡ್ಕೋತೀನಿ."

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಹೂವು ಕಟ್ಟಿದ ವಿಮಾನದಲ್ಲಿ ಕುಳ್ಳಿರಿಸಿ ಒಯ್ಯುತ್ತೇವೆ. ನಮ್ಮ ಮನೆಯ ಬಾಗಿಲು ಸಣ್ಣದು. ಬಸಣ್ಣ ಮುಂದಾಲೋಚನೆಯ ಮನುಷ್ಯ. ಅಂದರೆ ನನ್ನ ವಿಮಾನದ ಅಳತೆಯನ್ನು ನಾನೇ, ಅರ್ಧ ಇಂಚೂ ತಪ್ಪದಂತೆ, ಬರೆದುಕೊಟ್ಟಿದ್ದೆ!

ಇಲ್ಲಿಯವರೆಗಿನದನ್ನು ನೆನೆದರೆ ಈಗ ನಗು ಬರುತ್ತದೆ. ಮುಂದಿನದಕ್ಕೆ ಬರುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಜನ ಬರಲು ಶುರುವಾದ ಮರುದಿನ, ಸೋಮವಾರ, ಮಹಾದೇವಿ ನನ್ನ ಸಲುವಾಗಿ ಹರಕೆ ಹೊತ್ತಿದ್ದಳು. ದಿನಾ ನಸುಕಿನಲ್ಲಿ ತಣ್ಣೀರು ಮೈಮೇಲೆ ಸುರಿದುಕೊಂಡು, ತೊಯ್ದ ಸೀರೆಯಲ್ಲಿ ಗುಡಿ ಸುತ್ತುವುದು. ಗಂಡ ಆರಾಮಾಗುವ ತನಕ ತನ್ನ ಮೈಗೆಂದು ಯಾವ ಔಷಧವನ್ನೂ ಮುಟ್ಟದಿರುವುದು. ಪಂಪನ್ನು ದೇವರ ಜಗಲಿಯ ಮೇಲೆ ಇಟ್ಟು, ಅದಕ್ಕೆ ಕುಂಕುಮ ಹಚ್ಚಿದ್ದಳು. ನಾನು ಅದನ್ನು ನೋಡಿದ್ದೆ. ನೋಡದೆ ಏನು! ದಿನಾ ಬೆಳಿಗ್ಗೆ ಜಗಲಿಯ ಮುಂದೆ ನಿಂತು, ಲಿಂಗಕ್ಕೆ, ವೀರಭದ್ರನಿಗೆ, ಪಂಪಿಗೆ ಕ್ರಮವಾಗಿ ಕೈ ಮುಗಿದಿದ್ದೆ. ಇಲ್ಲಿ ಯಾಕೆ ಬಂತು ಎಂದು ಕೇಳಲಿಲ್ಲ. ಬಾಗಿಲನ್ನು ಇಂಚಿನ ಲೆಕ್ಕದಲ್ಲಿ ಅಳೆದವನು, ಹೆಂಡತಿಯ ಉಸಿರು ದಿನದಿಂದ ದಿನಕ್ಕೆ ಗಿಡ್ಡವಾಗುತ್ತಿರುವುದನ್ನು "ಆಯಿತು, ಶುರುವಾಯಿತು" ಎಂದುಕೊಂಡೆನೇ ಹೊರತು ಯಾಕೆಂದು ನೋಡಲಿಲ್ಲ.

ಎಂಟನೆಯ ದಿನ, ಮತ್ತೆ ಸೋಮವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಹಿಂದಿನ ದಿನ ಸುಮಾ ಬಂದಿದ್ದಳು, ಅಪ್ಪನಿಗೆ ಏನಾಗಿದೆ ನೋಡಲು. ಗೌರಕ್ಕನೂ ಇದ್ದಳು. ಮಹಾದೇವಿ ಗುಡಿಯಿಂದ ಬಂದು ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಚೌಕಟ್ಟನ್ನು ಹಿಡಿದುಕೊಂಡು ನಿಂತಳು. ಇನ್ನೊಂದು ಕಾಲು ಎತ್ತಲಿಲ್ಲ. ತುಟಿ ನೀಲಿಯಾಗಿತ್ತು. ಏನೋ ಹೇಳಲು ನೋಡಿದಳು. ಮಾತು ಬರಲಿಲ್ಲ, ಸಿಳ್ಳೆಯಂಥ ಸಪ್ಪಳ ಬಂತು. ಆಮೇಲೆ ಅದೂ ಸಣ್ಣದಾಯಿತು.

"ಅವ್ವಾ! ಪಂಪ್ ಎಲ್ಲೈತಿ? ಅಪ್ಪಾ, ಅವ್ವನ ಪಂಪ್!"

ನಾನು ಎರಡು ಕೋಣೆ ಓಡಿದೆ. ಟ್ರಂಕು ತೆರೆದೆ. ಬ್ರೆಡ್ಡಿನ ರಾಶಿ ಕೆದರಿದೆ. ದಿನಾ ಕೈ ಮುಗಿದದ್ದು ನೆನಪಾಗಲು ಎಷ್ಟು ಹೊತ್ತು ಹಿಡಿಯಿತೋ, ಆ ಹೊತ್ತನ್ನು ಮಾತ್ರ ನಾನು ಅಳೆದಿಲ್ಲ. ಅಳೆಯುವುದೂ ಬೇಡ. ಜಗಲಿಯಿಂದ ಪಂಪು ತಂದು ಕೊಟ್ಟೆ. ಸುಮಾ ಕುಂಕುಮ ಒರೆಸಿ, ತಾಯಿಯನ್ನು ಮುಂದಕ್ಕೆ ಬಾಗಿಸಿ ಕುಳ್ಳಿರಿಸಿ, ಪಂಪು ಬಾಯಿಗಿಟ್ಟಳು. "ಎಳಿ ಅವ್ವಾ. ಹಾಂ. ಇನ್ನೊಮ್ಮೆ ಎಳಿ."

ಬಸಣ್ಣ ಸೀರೆಯ ಗಂಟುಗಳನ್ನು ರಸ್ತೆಗೆ ಎಸೆದು ತನ್ನ ಟೆಂಪೋ ಖಾಲಿ ಮಾಡಿ ತಂದ. ಗೌರಕ್ಕ, ಎಪ್ಪತ್ತರ ಮುದುಕಿ, ಟೆಂಪೋದ ಹಿಂದೆ ಹತ್ತಿ ಮಹಾದೇವಿಗೆ ಬೆನ್ನಾಸರೆ ಕೊಟ್ಟು ಕುಳಿತಳು. ಆ ಜನರೆಲ್ಲ ನನ್ನ ಮೂರ್ಖತನದಿಂದ ನಮ್ಮ ಮನೆಗೆ ಬಂದವರು. ಆ ಬೆಳಿಗ್ಗೆ ಮನೆಯಲ್ಲಿ ನಾನೊಬ್ಬನೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ದವಾಖಾನೆಯಲ್ಲಿ ಮೂಗು ಬಾಯಿಗೆ ಮಾಸ್ಕ್ ಹಚ್ಚಿ ಔಷಧದ ಆವಿ ಕೊಟ್ಟರು. ಇಂಜೆಕ್ಷನ್ ಕೊಟ್ಟರು. ಗಂಟೆ ಒಂಬತ್ತರ ಹೊತ್ತಿಗೆ ತುಟಿಯ ಬಣ್ಣ ತಿರುಗಿತು. ಡಾಕ್ಟರು ಬಂದು ನಮ್ಮ ಗುಂಪನ್ನು ನೋಡಿದರು. ಗೌರಕ್ಕ ನನ್ನ ತಲೆ ನೇವರಿಸುತ್ತಿದ್ದಳು, ಬಸಣ್ಣ ನನಗೆ ಎಳನೀರು ಕುಡಿಸುತ್ತಿದ್ದ.

"ಪೇಶಂಟ್ ಯಾರ್ರಿ ಇಲ್ಲಿ?"

ಮಹಾದೇವಿ ಮಾಸ್ಕಿನ ಒಳಗಿನಿಂದಲೇ ನನ್ನ ಕಡೆ ಬೊಟ್ಟು ಮಾಡಿದಳು. ನಾನು ಅವಳ ಕಡೆ ಬೊಟ್ಟು ಮಾಡಿದೆ.

"ನೀವ ಏನ ಬಚ್ಚಿಟ್ಟೀರಿ? ಇನ್ನರ ಹೇಳ್ರಿ" ಎಂದಳು ಅವಳು, ಮಾಸ್ಕ್ ಸರಿಸಿ. "ನಿಮಗ ಏನ ರೋಗ?"

"ನನಗೇನ ರೋಗ? ಸಾಯಾಕತ್ತಾಕಿ ನೀನು!"

"ನಾನು? ಯಾರಂದ್ರು?"

ನಾನು ಡೈರಿ ತೆಗೆದು ಎಲ್ಲವನ್ನೂ ಓದಿ ಹೇಳಿದೆ. ಕಲ್ಲು ಒಂದು, ಕಲ್ಲು ಎರಡು, ಕಲ್ಲು ಮೂರು. ಸುಮಾ ಕೇಳಿದಳು.

"ಅಪ್ಪಾ, ಅವರು ಸತ್ತಾಗ ವಯಸ್ಸೆಷ್ಟು?"

ಡೈರಿಯ ಹಾಳೆ ತಿರುವಿದೆ. ಮನೆಯ ದಿಕ್ಕು ಬರೆದಿದ್ದೆ. ಬಸ್ಸು ಬಿಟ್ಟ ಸಮಯ ಬರೆದಿದ್ದೆ. ನಾಯಿಯ ಬಣ್ಣ ಬರೆದಿದ್ದೆ. ವಯಸ್ಸಿಗೆ ಖಾನೆಯನ್ನೇ ಹಾಕಿರಲಿಲ್ಲ.

ಯುಗಾದಿ ಆದ ವಾರಕ್ಕೆ ಗುರುಪಾದಯ್ಯನವರು ಬಂದರೆಂದು ತಿಳಿದು ಇಬ್ಬರೂ ಹೋದೆವು. ಬಿಸಿಲಿಗೆ ಕಪ್ಪಾಗಿದ್ದರು, ಅಂಗಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಾನು ಅಡ್ಡಬಿದ್ದು, ವಹಿ ಓದಿದ ಅಪರಾಧದಿಂದ ಹಿಡಿದು ದವಾಖಾನೆಯವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಮೊದಲು ಸಿಟ್ಟಾದರು. ಮೂರು ಹೆಸರು ಕೇಳಿದ ಮೇಲೆ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟರು.

"ಈರಪ್ಪ ಮಾಸ್ತರ ಎಂಬತ್ತಾರಕ್ಕ ಹ್ವಾದ. ದಮ್ಮ ಇತ್ತು, ಆದ್ರ ದಮ್ಮಿನಿಂದ ಹೋಗ್ಲಿಲ್ಲ. ಮೊಮ್ಮಗನ ಮದುವಿ ಊಟ ಜಾಸ್ತಿ ಆತು. ಕಾಶವ್ವ ತೊಂಬತ್ತೆರಡು."

"ಫೋಟೋದಾಗ..."

"ಆಕಿ ಜನ್ಮಕ್ಕ ತಗಸಿದ್ದು ಒಂದ ಫೋಟೋ, ಲಗ್ನದಾಗ! ಮಾಳಪ್ಪಂದು ಎಷ್ಟಂತಿ? ಎಂಬತ್ತೊಂಬತ್ತು. ಎಂಬತ್ತೊಂಬತ್ತಕ್ಕ ಗಿಡಾ ಹತ್ಯಾನ ಮಗಾ! ನಾ ಬ್ಯಾಡಂತ ಹೇಳಿದ್ನಿ."

"ಹಂಗಾರ ಯಾಪ್ಯ ಅಂದ್ರ ಏನ್ರಿ ಅಜ್ಜಾರ?" ಎಂದಳು ಮಹಾದೇವಿ.

ಅವರು ಎದುರಿನ ಹಳೆಯ ಮನೆಯನ್ನು ತೋರಿಸಿದರು. ಅದರ ಗೋಡೆ ಬೀದಿಗೆ ವಾಲಿತ್ತು. ಒಂದು ಜಾಲಿಯ ಕಂಬವನ್ನು ಓರೆಯಾಗಿ ಕೊಟ್ಟಿದ್ದರು.

"ನೋಡವಾ, ಆ ಗ್ವಾಡಿ ನಾ ಸಣ್ಣಾವಿದ್ದಾಗಿಂದ ಹಂಗ ಐತಿ. ನೆಟ್ಟಗ ಆಗಂಗಿಲ್ಲ, ಬೀಳಂಗೂ ಇಲ್ಲ. ಕಂಬ ಇರೋ ತನಕ ನಿಂತಿರತೈತಿ. ಕಂಬ ತಗದಿ ಅಂದ್ರ ಅವತ್ತ ಬೀಳತೈತಿ. ಅಂಥಾ ರೋಗಕ್ಕ ನಮ್ಮ ಹಳೇ ವೈದ್ಯರು ಯಾಪ್ಯ ಅಂತಿದ್ರು. ಹೋಗೂದಲ್ಲ, ಒಯ್ಯೂದೂ ಅಲ್ಲ. ದಿನಾ ಕಂಬ ಕೊಡಬೇಕು, ಅಷ್ಟ. ನೀ ಎಂಟ ದಿನ ಕಂಬ ತಗದಿ. ಬಿತ್ತು."

ಆಮೇಲೆ ನನ್ನ ಕಡೆ ತಿರುಗಿದರು. "ವಹಿ ಓದಿದಿ, ಮೊದಲ್ನೇ ಹಾಳಿ ಓದಲಿಲ್ಲೇನು?"

ಕೊಟ್ಟರು. ಅವರ ತಂದೆಯ ಅಕ್ಷರ. "ಮಗ ಗುರುಪಾದ. ವಯಸ್ಸು ಹನ್ನೊಂದು. ಶ್ವಾಸ. ಯಾಪ್ಯ."

ಅವರ ಅಂಗಾಲಿನಲ್ಲಿ ಶ್ರೀಶೈಲದ ದಾರಿಯ ಬೊಬ್ಬೆಗಳು ಇನ್ನೂ ಆರಿರಲಿಲ್ಲ. ನಾನು ಮತ್ತೊಮ್ಮೆ ಅಡ್ಡಬಿದ್ದೆ. ಈ ಸಲ ಅಪರಾಧಕ್ಕಲ್ಲ. ನನ್ನ ಹೆಂಡತಿಯನ್ನು ಎಂಥ ಗಟ್ಟಿ ಜನರ ಸಾಲಿನಲ್ಲಿ ಕುಳ್ಳಿರಿಸಿದ್ದಾರೆ ಎಂಬ ಸಂತೋಷಕ್ಕೆ.

"ಅಜ್ಜಾರ, ಇವರ ಹೆಸರೂ ಬರ್ಕೊಳ್ರಿ" ಎಂದಳು ಮಹಾದೇವಿ.

ಗುರುಪಾದಯ್ಯನವರು ನನ್ನ ನಾಡಿ ಹಿಡಿದರು. ನಾಲಿಗೆ ನೋಡಿದರು. ಮೂರು ಕಲ್ಲಿನ ಕಥೆಯನ್ನು ಇನ್ನೊಮ್ಮೆ ನೆನಪಿಸಿಕೊಂಡರೆಂದು ಕಾಣುತ್ತದೆ, ತಲೆ ಅಲ್ಲಾಡಿಸಿದರು. ಲೇಖನಿ ತೆಗೆದುಕೊಂಡು ನನ್ನ ಹೆಸರು ಬರೆದು, ಅದರ ಮುಂದೆ ಬರೆದರು: "ಅಸಾಧ್ಯ."

ಮಹಾದೇವಿ ಇಣುಕಿ ಓದಿದಳು.

"ಬ್ಯಾಡ್ರಿ ಅಜ್ಜಾರ. ಅದನ್ನ ಹೊಡದ ಹಾಕ್ರಿ. ಯಾಪ್ಯ ಅಂತ ಬರೀರಿ. ಮೂವತ್ತೊಂದ ವರ್ಷದಿಂದ ನಾ ಕಂಬ ಕೊಟ್ಟ ನಿಲ್ಲಿಸೇನಿ. ನಿಂತಾರಲ್ಲ!"

ಅವರು ತಿದ್ದಿ ಬರೆದರು. ಈ ತಿದ್ದುಪಡಿಗೆ ನಾನು ಸಾಕ್ಷಿ.

ಈಗ ನಮ್ಮ ಮನೆಯಲ್ಲಿ ಎಲ್ಲವೂ ಪದ್ಧತಿಯಂತೆ ನಡೆಯುತ್ತದೆ. ಬಸಣ್ಣ ಮತ್ತೆ ಮಧ್ಯಾಹ್ನವೂ ಮಗ್ಗ ಓಡಿಸುತ್ತಾನೆ. ನಮಗೆ ಒಳ್ಳೆಯ ನಿದ್ರೆ ಬರುತ್ತದೆ. ಬಾಗಿಲಿನ ಅಳತೆಯ ಚೀಟಿಯನ್ನು ಅವನು ಹಿಂದಕ್ಕೆ ಕೊಟ್ಟಿಲ್ಲ, ನಾನೂ ಕೇಳಿಲ್ಲ. ಬ್ರೆಡ್ಡನ್ನು ಓಣಿಗೆಲ್ಲ ಹಂಚಿದೆವು. ಬೆಳಿಗ್ಗೆ ಸಂಜೆ ಪಂಪಿನ ಜವಾಬ್ದಾರಿ ನನ್ನದು. ಮಹಾದೇವಿ ಪಂಪು ಎಳೆದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಕೆಂಪು ಶಾಯಿಯಿಂದ ಗುರುತು ಹಾಕುತ್ತೇನೆ. ಒಂದು ಸಲವೂ ತಪ್ಪಿಲ್ಲ. ಇಷ್ಟಾದರೂ ಕಂಬವಾಗಿ ನಿಂತೆನಲ್ಲ ಎಂದು ಸ್ವಲ್ಪ ಹೆಮ್ಮೆಯೂ ಇತ್ತು.

ನಿನ್ನೆ ಗುರುತು ಹಾಕುವಾಗ ಮಹಾದೇವಿ ಹಿಂದೆ ಬಂದು ನಿಂತಳು. ಬಹಳ ಹೊತ್ತು ನೋಡಿದಳು.

"ಗುರ್ತ ಛಲೋ ಹಾಕೀರಿ" ಎಂದಳು. "ಆದ್ರ ಹ್ವಾದ ತಿಂಗಳ ಹಾಳಿ ಮ್ಯಾಲ ಹಾಕಾಕತ್ತೀರಿ."